ಬಿ.ಎಚ್. ರಸ್ತೆಯ ಮಳಿಗೆಗಳು: ವ್ಯಾಪಾರದ ಲೆಕ್ಕ ಮತ್ತು ಕಟ್ಟಡದ ಲೆಕ್ಕ

(ಕಡೂರು, ತರೀಕೆರೆ, ಅಜ್ಜಂಪುರಗಳ ಮುಖ್ಯ ಬೀದಿಗಳನ್ನು ಕುರಿತ ಒಂದು ಅಧ್ಯಯನ)

ಬೆಂಗಳೂರಿನಿಂದ ಹೊನ್ನಾವರಕ್ಕೆ ಸಾಗುವ ಹೆದ್ದಾರಿಯನ್ನು ನಮ್ಮ ಭಾಗದ ಜನರು ಇಂದಿಗೂ ಬಿ.ಎಚ್. ರಸ್ತೆಯೆಂದೇ ಕರೆಯುತ್ತಾರೆ. ಸರ್ಕಾರಿ ಕಡತಗಳಲ್ಲಿ ತುಮಕೂರಿನಿಂದಾಚೆಗಿನ ಇದರ ಭಾಗವು ಬಹುಕಾಲ ರಾಷ್ಟ್ರೀಯ ಹೆದ್ದಾರಿ 206 ಆಗಿದ್ದು, 2010ರ ಮರುಸಂಖ್ಯೀಕರಣದ ತರುವಾಯ ನಮ್ಮ ಭಾಗದಲ್ಲಿ 69 ಎಂಬ ಸಂಖ್ಯೆಯನ್ನು ಪಡೆದಿದೆ. ಕಡೂರು, ಬೀರೂರು, ತರೀಕೆರೆಗಳಲ್ಲಿ ಈ ಹೆದ್ದಾರಿಯೇ ಊರಿನ ಮುಖ್ಯ ಬೀದಿಯೂ ಆಗಿ ಬೆಳೆದುಬಂದಿತು. ಮಂಡಿ, ಗಿರಣಿ, ಉಗ್ರಾಣ, ಖಾನಾವಳಿ, ಬ್ಯಾಂಕು ಎಲ್ಲವೂ ಇದರ ಎರಡು ಮಗ್ಗುಲಲ್ಲಿಯೇ ನೆಲೆಗೊಂಡವು. ಈಗ ತುಮಕೂರು–ಶಿವಮೊಗ್ಗ ಚತುಷ್ಪಥ ಯೋಜನೆಯ ಹೊಸ ಹಾದಿಯು ಊರುಗಳ ನಡುಬೀದಿಯನ್ನು ಬಿಟ್ಟು ಹೊರವಲಯದಲ್ಲಿ ಸಾಗುವಂತೆ ರೂಪಿತವಾಗಿರುವುದರಿಂದ, ಈ ಬೀದಿಯಲ್ಲಿ ಸ್ವಂತ ಕಟ್ಟಡವುಳ್ಳ ವ್ಯಾಪಾರಿಗಳು ಮತ್ತು ಸಣ್ಣ ಉದ್ಯಮಿಗಳು ಲೆಕ್ಕಪರಿಶೋಧಕರ ಬಳಿ ಬಂದಾಗಲೆಲ್ಲ ಒಂದೇ ಪ್ರಶ್ನೆಯನ್ನು ಎತ್ತುತ್ತಿದ್ದಾರೆ: ಇರುವುದನ್ನು ಹಾಗೆಯೇ ಮುಂದುವರಿಸುವುದೋ, ಬಾಡಿಗೆಗೆ ಕೊಡುವುದೋ, ಮಾರಿಬಿಡುವುದೋ?

ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಉತ್ತರವನ್ನು ಹುಡುಕುವ ಮಾರ್ಗವೊಂದಿದೆ. ಒಂದೇ ಸೂರಿನ ಕೆಳಗೆ ಎರಡು ಉದ್ಯಮಗಳು ನಡೆಯುತ್ತಿವೆಯೆಂದು ಭಾವಿಸಿ, ಸರಕಿನ ವ್ಯಾಪಾರಕ್ಕೊಂದು, ಕಟ್ಟಡಕ್ಕೊಂದು ಲೆಕ್ಕವನ್ನು ಬೇರ್ಪಡಿಸುವುದೇ ಆ ಮಾರ್ಗ. ಬೀದಿಯ ಹಿಂದಿನ ಚರಿತ್ರೆಯನ್ನು ಅವಲೋಕಿಸಿದರೆ ಇದರ ಅಗತ್ಯವು ತಾನಾಗಿಯೇ ಮನವರಿಕೆಯಾಗುತ್ತದೆ.

ಹಳಿಯ ಕಾಲ, ಲಾರಿಯ ಕಾಲ

1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಆಡಳಿತ ಕೇಂದ್ರವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಚಿಕ್ಕಮಗಳೂರಿಗೆ ಸ್ಥಳಾಂತರಗೊಂಡಿದ್ದರೂ ವಾಣಿಜ್ಯದ ಭಾಗ್ಯ ಕಡೂರು–ಬೀರೂರುಗಳನ್ನು ಬಿಟ್ಟುಹೋಗಲಿಲ್ಲ. ಕಾರಣ ರೈಲು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರ–ಹುಬ್ಬಳ್ಳಿಯ ಕಡೆಗೆ ನಿರ್ಮಾಣವಾದ ಮೀಟರ್ ಗೇಜ್ ಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಶಾಖಾಮಾರ್ಗ ತೆರೆಯಲ್ಪಟ್ಟು ತರೀಕೆರೆಗೂ ರೈಲು ಬಂದಿತು. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ರೈಲು ತಲುಪಿದ್ದು 2013ರಲ್ಲಿ, ಅದೂ ಕಡೂರಿನ ಮೂಲಕವೇ. ಮಲೆನಾಡಿನಿಂದ ಹೊರಹೋಗುವ ಸರಕಿಗೆ ನೂರಕ್ಕೂ ಹೆಚ್ಚು ವರ್ಷಗಳ ಕಾಲ ನಮ್ಮ ಪಟ್ಟಣಗಳೇ ರೈಲು ಬಾಗಿಲಾಗಿದ್ದವು.

ಈ ನಾಲ್ಕು ಊರುಗಳ ಭೌಗೋಳಿಕ ಸ್ಥಿತಿಯಲ್ಲಿರುವ ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಕಡೂರು, ಬೀರೂರುಗಳಿಗೆ ಪ್ರಧಾನ ರೈಲುಮಾರ್ಗ, ಬಿ.ಎಚ್. ರಸ್ತೆ ಎರಡೂ ಉಂಟು. ತರೀಕೆರೆಗೆ ರಸ್ತೆಯಿದೆ, ರೈಲಿನ ಶಾಖೆಯೂ ಇದೆ. ಅಜ್ಜಂಪುರಕ್ಕೆ ಪ್ರಧಾನ ರೈಲುಮಾರ್ಗವಿದೆ, ಆದರೆ ಬಿ.ಎಚ್. ರಸ್ತೆ ಅದನ್ನು ಮುಟ್ಟದೆ ಪಶ್ಚಿಮಕ್ಕೆ ಹೊರಳಿಬಿಡುತ್ತದೆ. ರೈಲು ಸಾರಿಗೆಯ ದಿನಗಳಲ್ಲಿ ಇದರಿಂದ ಅಜ್ಜಂಪುರಕ್ಕೆ ಯಾವ ನಷ್ಟವೂ ಆಗಲಿಲ್ಲ. ಸುತ್ತಲಿನ ಬಯಲುಸೀಮೆಯ ರಾಗಿ, ಕಡಲೆ, ಈರುಳ್ಳಿಗಳಿಗೆ ನಿಲ್ದಾಣವೇ ಮಾರುಕಟ್ಟೆ. ವ್ಯಾಪಾರಿಯೊಬ್ಬನು ಒಂದೇ ವ್ಯಾಗನ್ ಸರಕನ್ನು, ಕೆಲವೊಮ್ಮೆ ಹತ್ತಾರು ಚೀಲಗಳನ್ನು ಮಾತ್ರವೇ ಬುಕ್ ಮಾಡಬಹುದಾಗಿತ್ತು. ವ್ಯಾಗನ್ ದೊರೆಯುವವರೆಗೆ ಚೀಲಗಳನ್ನು ಇಡಲು ನಿಲ್ದಾಣದ ಸಮೀಪದಲ್ಲಿ ಉಗ್ರಾಣ ಅವಶ್ಯ. ಆದ್ದರಿಂದ ನಿಲ್ದಾಣದ ದಾರಿಯಲ್ಲಿರುವ ನಿವೇಶನಕ್ಕೆ ಬೆಲೆ.

1980ರ ದಶಕದಲ್ಲಿ ರೈಲ್ವೆಯು ಬಿಡಿ ವ್ಯಾಗನ್ನುಗಳ ಸಾಗಣೆಯನ್ನು ಕ್ರಮೇಣ ಕೈಬಿಟ್ಟು, ಪೂರ್ಣ ರೇಕ್‌ಗಳ ಸಾಗಣೆಗೆ ಆದ್ಯತೆ ನೀಡಲಾರಂಭಿಸಿತು. ರೈಲ್ವೆಯ ದೃಷ್ಟಿಯಿಂದ ಅದು ಸರಿಯಾದ ಆರ್ಥಿಕ ನಿರ್ಧಾರವೇ ಇರಬಹುದು. ಆದರೆ ಒಂದು ರೇಕ್ ಎಂದರೆ ನಲವತ್ತಕ್ಕೂ ಮೇಲ್ಪಟ್ಟು ವ್ಯಾಗನ್ನುಗಳು. ಸಣ್ಣ ಊರಿನ ಯಾವ ವರ್ತಕನು ಅಷ್ಟು ಸರಕನ್ನು ಒಮ್ಮೆಗೇ ಒಟ್ಟುಗೂಡಿಸಬಲ್ಲ? ಸರಕು ಲಾರಿಗಳಿಗೆ ವರ್ಗಾವಣೆಯಾಯಿತು. 1990ರ ದಶಕದಲ್ಲಿ ಹಳಿಗಳು ಬ್ರಾಡ್ ಗೇಜ್ ಆಗಿ ಅಗಲಗೊಂಡಾಗ ಪ್ರಯಾಣಿಕರಿಗೆ ಅನುಕೂಲವಾಯಿತಾದರೂ, ನಿಲ್ದಾಣದ ಬಳಿಯ ಉಗ್ರಾಣಗಳಿಗೆ ಹಳೆಯ ಕಸುಬು ಮರಳಿ ಬರಲಿಲ್ಲ. ಅಜ್ಜಂಪುರವು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಕಚೇರಿಗಳನ್ನು ಪಡೆದ ಮೇಲೆ ಅಲ್ಲಿನ ಬೀದಿಗೆ ಮತ್ತೆ ಕಳೆ ಬಂದಿದೆ. ಈಗ ಗಿರಾಕಿಯನ್ನು ಎಳೆದು ತರುತ್ತಿರುವುದು ಸರಕಿಗಿಂತ ಹೆಚ್ಚಾಗಿ ಕಚೇರಿಯ ಕೆಲಸ.

ಲಾರಿಯ ಕಾಲಕ್ಕೆ ಇಂಬು ಕೊಟ್ಟ ಇನ್ನೊಂದು ಸಂಗತಿಯನ್ನು ಇಂದಿನ ತರುಣ ವರ್ತಕರು ಮರೆತಿರಬಹುದು. 1979ರಲ್ಲಿ ಕರ್ನಾಟಕವು ಆಕ್ಟ್ರಾಯ್ ಪದ್ಧತಿಯನ್ನು ರದ್ದುಪಡಿಸಿತು. ಅದುವರೆಗೆ ಊರೊಳಗೆ ಬರುವ ಸರಕಿಗೆ ನಾಕೆಯಲ್ಲಿ ಸುಂಕ ತೆರಬೇಕಾಗಿತ್ತು. ನಾಕೆಗಳು ಹೋದ ಮೇಲೆ ಲಾರಿಯು ಹೆದ್ದಾರಿಯ ಯಾವ ಮಳಿಗೆಯ ಮುಂದಾದರೂ ನಿಂತು ಸರಕು ಇಳಿಸಬಹುದಾಯಿತು. ನಿಲ್ದಾಣದ ದಾರಿಯ ಬೆಲೆ ಕುಸಿದು, ಬಿ.ಎಚ್. ರಸ್ತೆಯ ಬೆಲೆ ಏರಿದ್ದು ಈ ಅವಧಿಯಲ್ಲಿಯೇ.

ಗಿರಣಿಗಳ ಏರಿಳಿತ

ತರೀಕೆರೆಯ ಕೈಗಾರಿಕಾ ಚರಿತ್ರೆಯಲ್ಲಿ ಭದ್ರಾವತಿಯ ಛಾಯೆ ದೊಡ್ಡದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ದೊರೆಯುತ್ತಿದ್ದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ತೂಗುಹಗ್ಗದ ಮೂಲಕ ತಣಿಗೆಬೈಲಿಗೆ ಇಳಿದ ಅದಿರು ಅಲ್ಲಿಂದ ಕಿರುಹಳಿಯ ಮೇಲೆ ಕಾರ್ಖಾನೆಗೆ ಸಾಗುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರದತ್ತ ಟ್ರಾಮ್ ಮಾರ್ಗವೂ ಇದ್ದಿತು. ಕೂಲಿ, ಗುತ್ತಿಗೆ, ಗಾಡಿ, ದುರಸ್ತಿ ಎಂದು ಹಲವು ಕುಟುಂಬಗಳಿಗೆ ಇದರಿಂದ ಜೀವನೋಪಾಯ ದೊರೆಯಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯು ಕಬ್ಬು, ಬಿದಿರು, ಮರಗಳಿಗೆ ಖಾತರಿಯ ಗಿರಾಕಿಯಾಗಿತ್ತು. 2015ರಲ್ಲಿ ಅದರ ಉತ್ಪಾದನೆ ನಿಂತಿತು. ದೊಡ್ಡ ಕಾರ್ಖಾನೆಯೊಂದು ನಿಂತಾಗ ಅದರ ಗೇಟಿನ ಮುಂದಿನ ಅಂಗಡಿ ಮುಚ್ಚುವುದು ಎಲ್ಲರಿಗೂ ಕಾಣುತ್ತದೆ. ಇಪ್ಪತ್ತು ಕಿಲೋಮೀಟರ್ ಆಚೆಯ ಪಟ್ಟಣದ ವರ್ಕ್‌ಶಾಪಿನಲ್ಲಿ ಒಂದು ಲೇತ್ ಯಂತ್ರ ಸುಮ್ಮನೆ ನಿಲ್ಲುವುದು ಕಾಣುವುದಿಲ್ಲ.

ನಮ್ಮ ಸದಸ್ಯರಿಗೆ ಹೆಚ್ಚು ಪರಿಚಿತವಾದವು ಅಕ್ಕಿ ಗಿರಣಿ ಮತ್ತು ಎಣ್ಣೆ ಗಿರಣಿಗಳು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು ನಾಲೆಗಳಲ್ಲಿ ನೀರು ಹರಿದಾಗ ಭತ್ತದ ಪ್ರಮಾಣ ಹೆಚ್ಚಿತು, ಗಿರಣಿಗಳಿಗೂ ಕೆಲಸ ಹೆಚ್ಚಿತು. ಆದರೆ ಅಕ್ಕಿ ಗಿರಣಿಯು ಮುಕ್ತ ಉದ್ಯಮವಾಗಿರಲಿಲ್ಲ. 1958ರ ಅಕ್ಕಿ ಗಿರಣಿ ಉದ್ಯಮ ನಿಯಂತ್ರಣ ಕಾಯಿದೆಯ ಪ್ರಕಾರ ಪರವಾನಗಿ ಬೇಕು. ತಯಾರಾದ ಅಕ್ಕಿಯಲ್ಲಿ ಒಂದು ಪಾಲನ್ನು ಲೆವಿಯಾಗಿ ಸರ್ಕಾರಕ್ಕೆ ಕೊಡಬೇಕು. ಪರವಾನಗಿಯು ತೊಡಕೂ ಹೌದು, ರಕ್ಷಣೆಯೂ ಹೌದು. ಹೊಸ ಪ್ರತಿಸ್ಪರ್ಧಿ ಸುಲಭವಾಗಿ ಬರುವಂತಿರಲಿಲ್ಲ. 1997ರಲ್ಲಿ ಆ ಕಾಯಿದೆ ರದ್ದಾಯಿತು. ಬಳಿಕ ದೊಡ್ಡ ಆಧುನಿಕ ಗಿರಣಿಗಳು ಬೇರೆಡೆ ತಲೆಯೆತ್ತಿದವು. ಹಲ್ಲರ್ ಯಂತ್ರದಲ್ಲಿ ನುಚ್ಚು ಹೆಚ್ಚು; ತೌಡು ಹೊಟ್ಟಿನೊಂದಿಗೆ ಬೆರೆತುಹೋಗುವುದರಿಂದ ಅದಕ್ಕೆ ಎಣ್ಣೆ ತೆಗೆಯುವವರ ಬೆಲೆ ಸಿಕ್ಕುವುದಿಲ್ಲ. ರಬ್ಬರ್ ರೋಲ್ ಗಿರಣಿಯು ಅದೇ ಭತ್ತದಿಂದ ಹೆಚ್ಚು ಅಕ್ಕಿಯನ್ನೂ ಶುದ್ಧ ತೌಡನ್ನೂ ತೆಗೆಯುತ್ತದೆ. ಕ್ವಿಂಟಾಲಿಗೆ ಎರಡು ಕಿಲೋ ವ್ಯತ್ಯಾಸವಾದರೂ ವರ್ಷದ ಕೊನೆಗೆ ಸೋಲು ಗೆಲುವು ಅಲ್ಲಿಯೇ ತೀರ್ಮಾನವಾಗುತ್ತದೆ. ಇದರ ಜೊತೆಗೆ ನೀರಾವರಿ ಜಮೀನುಗಳಲ್ಲಿ ಭತ್ತದ ಸ್ಥಾನಕ್ಕೆ ಅಡಿಕೆ ಬಂದಿತು. ಅಡಿಕೆಗೆ ಸುಲಿಯುವ ಶೆಡ್ಡು, ಬೇಯಿಸುವ ಒಲೆ, ಮಂಡಿ ಬೇಕು. ಅಕ್ಕಿ ಗಿರಣಿಯ ಹಂಗಿಲ್ಲ.

ಎಣ್ಣೆ ಗಿರಣಿಗಳ ಕಥೆ ಇದಕ್ಕಿಂತ ಚಿಕ್ಕದು. ಶೇಂಗಾ, ಹುಚ್ಚೆಳ್ಳು, ಕೊಬ್ಬರಿಗಳನ್ನು ಅರೆಯುತ್ತಿದ್ದ ಸಣ್ಣ ಎಕ್ಸ್‌ಪೆಲ್ಲರುಗಳಿಗೆ ಪೆಟ್ಟು ಬಿದ್ದದ್ದು 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತ ಸಾಮಾನ್ಯ ಪರವಾನಗಿಗೆ ಸೇರಿಸಿದ ಮೇಲೆ. ಪರದೇಶದ ಎಣ್ಣೆ ಬಂದರಿನಲ್ಲಿ ಇಳಿಯುವ ದರವು ಕಡೂರಿನ ಗಿರಣಿಯ ದರವನ್ನು ನಿರ್ಧರಿಸುವಂತಾಯಿತು. ಈಗ ಗಾಣದೆಣ್ಣೆಗೆ ಪೇಟೆಯಲ್ಲಿ ಮತ್ತೆ ಬೇಡಿಕೆಯಿದೆ, ನಿಜ. ಆದರೆ ಅದು ಹತ್ತಡಿ ಜಾಗದ ವ್ಯಾಪಾರ, ಹಳೆಯ ಗಿರಣಿಯ ಅರ್ಧ ಎಕರೆಯನ್ನು ಸಾಕಬಲ್ಲ ವ್ಯಾಪಾರವಲ್ಲ.

ಮಂಡಿಗಳ ವಿಚಾರ ಬೇರೆ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಅನ್ವಯ ಪ್ರಾಂಗಣಗಳು ನಿರ್ಮಾಣವಾದಂತೆ ಹರಾಜು ಮತ್ತು ತೂಕ ಬೀದಿಯಿಂದ ಪ್ರಾಂಗಣಕ್ಕೆ ಹೋದವು. ಮಂಡಿಯ ವ್ಯವಹಾರ ಮುಚ್ಚಲಿಲ್ಲ, ಅದರ ಕಟ್ಟಡ ಮಾತ್ರ ಖಾಲಿಯಾಯಿತು.

ಕಟ್ಟಡವೇ ಹೊಸ ಕಸುಬನ್ನು ಆರಿಸುತ್ತದೆ

ಖಾಲಿಯಾದ ಕಟ್ಟಡಗಳಲ್ಲಿ ಏನೇನು ಬಂದಿತೆಂದು ನೋಡಿದರೆ ಅದರಲ್ಲಿ ಒಂದು ಕ್ರಮ ಗೋಚರಿಸುತ್ತದೆ. ಅಕ್ಕಿ ಗಿರಣಿಯು ಕಲ್ಯಾಣ ಮಂಟಪವಾಗುತ್ತದೆ, ಇಲ್ಲವೇ ವಾಹನಗಳ ಷೋರೂಮ್ ಆಗುತ್ತದೆ. ಇದು ಆಕಸ್ಮಿಕವಲ್ಲ. ಗಿರಣಿಗೆ ನಡುಗಂಬವಿಲ್ಲದ ದೊಡ್ಡ ಅಂಕಣವಿದೆ, ಭತ್ತ ಒಣಗಿಸುತ್ತಿದ್ದ ಕಣವು ವಾಹನ ನಿಲುಗಡೆಗೆ ಒದಗುತ್ತದೆ, ಬಾವಿಯಿದೆ, ಲಾರಿ ತಿರುಗುವಷ್ಟು ಅಗಲವಾದ ಗೇಟಿದೆ. ಮಂಡಿಯು ಕಿರಿದಾದ ಮುಖ, ಉದ್ದವಾದ ಒಡಲುಳ್ಳ ಕಟ್ಟಡ. ಮುಂದೆ ಜಗಲಿ, ನಡುವೆ ಗದ್ದುಗೆ, ಹಿಂದೆ ದಾಸ್ತಾನು, ಅದರಾಚೆಗೆ ಮನೆ. ಅದನ್ನು ಅಡ್ಡಲಾಗಿ ಸೀಳಿ ಎರಡೋ ಮೂರೋ ಷಟರ್ ಮಳಿಗೆಗಳನ್ನಾಗಿ ಮಾಡುವುದೊಂದೇ ದಾರಿ. ಮಂಗಳೂರು ಹೆಂಚಿನ ಮಾಡು ಹೋಗಿ ಆರ್.ಸಿ.ಸಿ. ತಾರಸಿ ಬಂದಾಗ ಮೇಲಂತಸ್ತಿಗೆ ಬ್ಯಾಂಕು, ವಿಮೆ, ವೈದ್ಯರು, ಕೋಚಿಂಗ್ ತರಗತಿಗಳು ಬರುತ್ತವೆ. ಹಿಂದಿನ ಮನೆ ಮಾತ್ರ ಬೆಳಕಿಲ್ಲದೆ ಉಳಿದುಹೋಗುತ್ತದೆ. ಇಂತಹ ಮನೆಗಳನ್ನು ಪಾಲು ಮಾಡುವಾಗ ಸಹೋದರರ ನಡುವೆ ಉಂಟಾಗುವ ಮನಸ್ತಾಪಕ್ಕೆ ಲೆಕ್ಕಶಾಸ್ತ್ರದಲ್ಲಿ ಮದ್ದಿಲ್ಲ.

ಷಟರ್ ಮಳಿಗೆಯೊಳಗಿನ ಕಸುಬು ಬದಲಾಗುವ ವೇಗವನ್ನೂ ಗಮನಿಸಬೇಕು. ರೇಡಿಯೊ ದುರಸ್ತಿ, ಕ್ಯಾಸೆಟ್ ಅಂಗಡಿ, ಎಸ್.ಟಿ.ಡಿ. ಬೂತ್, ಇಂಟರ್‌ನೆಟ್ ಕೇಂದ್ರ, ಮೊಬೈಲ್ ಅಂಗಡಿ: ಒಂದೇ ಬಾಗಿಲಿನಲ್ಲಿ ಇಷ್ಟೂ ಬಂದುಹೋದ ಉದಾಹರಣೆಗಳನ್ನು ಯಾವ ಊರಿನವರಾದರೂ ಹೇಳಬಲ್ಲರು. ಒಳಗಿದ್ದವರಲ್ಲಿ ಕೆಲವರು ಗೆದ್ದರು, ಕೆಲವರು ಬಂಡವಾಳ ಕಳೆದುಕೊಂಡರು. ಬಾಡಿಗೆ ಪಡೆಯುತ್ತಿದ್ದವನು ಪ್ರತಿ ಬಾರಿಯೂ ಉಳಿದುಕೊಂಡನು.

ಸ್ವಂತ ಮಳಿಗೆಗೂ ಬಾಡಿಗೆಯುಂಟು

"ನನ್ನದು ಸ್ವಂತ ಅಂಗಡಿ, ಬಾಡಿಗೆಯ ಖರ್ಚಿಲ್ಲ" ಎಂಬ ಮಾತನ್ನು ವರ್ತಕರು ಹೆಮ್ಮೆಯಿಂದ ಹೇಳುತ್ತಾರೆ. ಲಾಭ ನಷ್ಟದ ತಃಖ್ತೆಯಲ್ಲಿ ಬಾಡಿಗೆಯ ಸಾಲು ಇಲ್ಲವೆಂಬುದು ದಿಟ. ಆದರೆ ಖರ್ಚು ಇಲ್ಲವೆನ್ನುವುದು ಸರಿಯಲ್ಲ. ಒಂದು ಕಲ್ಪಿತ ಉದಾಹರಣೆಯ ಮೂಲಕ ಇದನ್ನು ಪರಿಶೀಲಿಸೋಣ.

ಬಿ.ಎಚ್. ರಸ್ತೆಯಲ್ಲಿ ಹಾರ್ಡ್‌ವೇರ್ ವ್ಯಾಪಾರ ಮಾಡುವ ತಂದೆ ಮಗ ಇದ್ದಾರೆನ್ನೋಣ. ವಾರ್ಷಿಕ ವಹಿವಾಟು 90 ಲಕ್ಷ ರೂ., ಒಟ್ಟು ಲಾಭ ಶೇ. 9ರಂತೆ 8.10 ಲಕ್ಷ, ವೆಚ್ಚಗಳನ್ನು ಕಳೆದು ನಿವ್ವಳ ಲಾಭ 4.20 ಲಕ್ಷ. ಪುಸ್ತಕದ ಪ್ರಕಾರ ವ್ಯಾಪಾರ ಸುಸ್ಥಿತಿಯಲ್ಲಿದೆ. ಈಗ ಅದೇ ಮಳಿಗೆಯನ್ನು ಬೇರೊಬ್ಬರಿಗೆ ಕೊಟ್ಟರೆ ತಿಂಗಳಿಗೆ 22,000 ರೂ. ಬರುವುದಾದರೆ ವರ್ಷಕ್ಕೆ 2.64 ಲಕ್ಷ. ಇಬ್ಬರೂ ಬೇರೆಡೆ ದುಡಿದರೆ ತಲಾ 15,000 ರೂ. ಸಂಬಳವೆಂದು ಹಿಡಿದರೆ 3.60 ಲಕ್ಷ. ಸರಕು ಮತ್ತು ಉದ್ರಿಯಲ್ಲಿ ತೊಡಗಿರುವ 18 ಲಕ್ಷ ಸ್ವಂತ ಬಂಡವಾಳಕ್ಕೆ ಶೇ. 8ರ ಬಡ್ಡಿ 1.44 ಲಕ್ಷ. ಮೂರನ್ನೂ ಕೂಡಿದರೆ 7.68 ಲಕ್ಷವಾಗುತ್ತದೆ. ವ್ಯಾಪಾರವು ತಂದುಕೊಟ್ಟದ್ದು 4.20 ಲಕ್ಷ. ಕೊರತೆಯಾದ 3.48 ಲಕ್ಷವನ್ನು ಭರಿಸುತ್ತಿರುವುದು ಕಟ್ಟಡ ಮತ್ತು ತಂದೆ ಮಗನ ದುಡಿಮೆ.

ಇದರಿಂದ ಕೂಡಲೇ ಅಂಗಡಿ ಮುಚ್ಚಬೇಕೆಂದು ಅರ್ಥವಲ್ಲ. ಸ್ವಂತ ಅಂಗಡಿಯ ಸ್ವಾತಂತ್ರ್ಯಕ್ಕೆ, ಊರಿನಲ್ಲಿರುವ ಮರ್ಯಾದೆಗೆ ಬೆಲೆ ಕಟ್ಟಲಾಗದು. ಬಾಡಿಗೆದಾರ ಸಿಕ್ಕೇ ಸಿಗುತ್ತಾನೆಂಬ ಭರವಸೆಯೂ ಇಲ್ಲ. ಆದರೆ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಇದೇ ವ್ಯಾಪಾರವನ್ನು ಹಿಂಬೀದಿಯ 7,000 ರೂ. ಬಾಡಿಗೆಯ ಗೋದಾಮಿಗೆ ಒಯ್ದು, ಮುಂದಿನ ಮಳಿಗೆಯನ್ನು ಬಾಡಿಗೆಗೆ ಕೊಟ್ಟರೆ ಹೇಗೆ? ಬರುವ ಬಾಡಿಗೆ 2.64 ಲಕ್ಷ, ಕೊಡುವ ಬಾಡಿಗೆ 84,000; ಉಳಿಯುವುದು 1.80 ಲಕ್ಷ. ಶೇ. 9ರ ಒಟ್ಟು ಲಾಭದ ದರದಲ್ಲಿ 1.80 ಲಕ್ಷ ಗಳಿಸಲು 20 ಲಕ್ಷದ ಮಾರಾಟ ಬೇಕು. ಅಂದರೆ ಸ್ಥಳಾಂತರದಿಂದ ಮಾರಾಟವು 20 ಲಕ್ಷಕ್ಕಿಂತ ಕಡಿಮೆ ಕುಸಿದರೆ ಕುಟುಂಬಕ್ಕೆ ಲಾಭ, ಅದಕ್ಕಿಂತ ಹೆಚ್ಚು ಕುಸಿದರೆ ನಷ್ಟ.

ಈ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ಗಿರಾಕಿಗಳ ಪಟ್ಟಿಯನ್ನು ನೋಡಬೇಕು. ಗಾರೆ ಮೇಸ್ತ್ರಿ, ಪ್ಲಂಬರ್, ಸುತ್ತಲಿನ ಹಳ್ಳಿಯ ಖಾತೆ ಗಿರಾಕಿ ಇವರೆಲ್ಲರೂ ಅಂಗಡಿ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾರೆ. ಬೇಕರಿ, ಖಾನಾವಳಿ, ಪಂಕ್ಚರ್ ಅಂಗಡಿ, ಎಳನೀರು ಇವುಗಳ ಗಿರಾಕಿ ರಸ್ತೆಯಲ್ಲಿ ಹಾದುಹೋಗುವವನು. ರಸ್ತೆ ಹೊರಳಿದರೆ ಅವನೂ ಹೊರಳುತ್ತಾನೆ. ಹಾರ್ಡ್‌ವೇರ್, ಗೊಬ್ಬರ, ಬಿತ್ತನೆಬೀಜ, ಜವಳಿ, ಚಿನ್ನಬೆಳ್ಳಿ ವ್ಯಾಪಾರಿಗಳು ಬೈಪಾಸಿಗೆ ಹೆದರಬೇಕಾದ ಕಾರಣ ಕಡಿಮೆ. ಲಾರಿಗಳ ಓಡಾಟ ತಗ್ಗಿದರೆ ಹಳ್ಳಿಯ ಹೆಣ್ಣುಮಕ್ಕಳು ಬೀದಿ ದಾಟಲು, ದ್ವಿಚಕ್ರ ವಾಹನ ನಿಲ್ಲಿಸಲು ಅನುಕೂಲವೇ ಆದೀತೆಂಬುದು ನನ್ನ ಅಭಿಪ್ರಾಯ.

ಮೇಲಿನ ಬಾಡಿಗೆಯ ಲೆಕ್ಕವು ಆಡಳಿತದ ಉಪಯೋಗಕ್ಕಾಗಿ ಮಾಡಿಕೊಳ್ಳುವ ಟಿಪ್ಪಣಿಯೆಂಬುದು ನೆನಪಿರಲಿ. ತನ್ನದೇ ಕಟ್ಟಡದಲ್ಲಿ ತಾನೇ ವ್ಯಾಪಾರ ಮಾಡುವ ಮಾಲೀಕನು ಕಲ್ಪಿತ ಬಾಡಿಗೆಯನ್ನು ಖರ್ಚಾಗಿ ತೋರಿಸುವಂತಿಲ್ಲ, ಅದರ ಮೇಲೆ ತೆರಿಗೆಯನ್ನೂ ಕೊಡಬೇಕಾಗಿಲ್ಲ. ಕಟ್ಟಡವು ಅವಿಭಕ್ತ ಕುಟುಂಬದ್ದಾಗಿದ್ದು ವ್ಯಾಪಾರ ಪಾಲುದಾರಿಕೆ ಸಂಸ್ಥೆಯದಾಗಿದ್ದರೆ, ಕರಾರಿನ ಪ್ರಕಾರ ನಿಜವಾಗಿ ಸಂದಾಯವಾದ ಬಾಡಿಗೆಯು ಸಂಸ್ಥೆಗೆ ಖರ್ಚು, ಕುಟುಂಬಕ್ಕೆ ಆದಾಯ.

ಮಾರುವವರು ಮೊದಲು ನೋಡಬೇಕಾದ ಸಾಲು

ಹಳೆಯ ಗಿರಣಿಯನ್ನು ಮಾರಲು ಹೊರಟವರು ದಲ್ಲಾಳಿಯನ್ನು ಕಾಣುವ ಮೊದಲು ತಮ್ಮ ಆಸ್ತಿ ಜವಾಬ್ದಾರಿ ತಃಖ್ತೆಯನ್ನು ತೆರೆದು ನೋಡುವುದು ಒಳಿತು. ಹಲವು ಸಂಸ್ಥೆಗಳಲ್ಲಿ "ಗಿರಣಿ ಕಟ್ಟಡ" ಎಂಬ ಒಂದೇ ಸಾಲಿನಲ್ಲಿ ಜಾಗ, ಕಟ್ಟಡ ಎರಡೂ ಬೆರೆತಿರುತ್ತವೆ. ಹತ್ತಾರು ವರ್ಷ ಆ ಪೂರ್ತಿ ಮೊತ್ತದ ಮೇಲೆ ಸವಕಳಿ ಪಡೆದಿರುತ್ತಾರೆ. ಜಾಗಕ್ಕೆ ಸವಕಳಿ ಇಲ್ಲ. ಸವಕಳಿ ಪಡೆದ ಆಸ್ತಿಯನ್ನು ಮಾರಿದಾಗ ಬರುವ ಲಾಭವು, ಆಸ್ತಿ ಎಷ್ಟೇ ಹಳೆಯದಾಗಿದ್ದರೂ, ಅಲ್ಪಾವಧಿ ಲಾಭವೆಂದು ಪರಿಗಣಿತವಾಗುತ್ತದೆ. ಜಾಗದ ಲಾಭ ಮಾತ್ರ ದೀರ್ಘಾವಧಿ ಲಾಭ.

ಮತ್ತೊಂದು ಕಲ್ಪಿತ ಉದಾಹರಣೆ. 1972ರಲ್ಲಿ ಕೊಂಡ ಗಿರಣಿಯ ಜಾಗ ಮತ್ತು ಕಟ್ಟಡವನ್ನು ಪಾಲುದಾರಿಕೆ ಸಂಸ್ಥೆಯೊಂದು 2025–26ರ ಸಾಲಿನಲ್ಲಿ 1.50 ಕೋಟಿ ರೂ.ಗಳಿಗೆ ಮಾರಿತೆನ್ನೋಣ. ಅದರಲ್ಲಿ ಜಾಗದ ಬೆಲೆ 1.35 ಕೋಟಿ, ಕಟ್ಟಡದ್ದು 15 ಲಕ್ಷ. ಕಟ್ಟಡದ ಸವಕಳಿ ಕಳೆದ ಮೌಲ್ಯ 60,000 ರೂ., ಆ ವರ್ಗದಲ್ಲಿ ಬೇರೆ ಕಟ್ಟಡವಿಲ್ಲ. ಕಟ್ಟಡದ ಲಾಭ 14.40 ಲಕ್ಷ, ಶೇ. 30ರಂತೆ ತೆರಿಗೆ 4.32 ಲಕ್ಷ. ಜಾಗಕ್ಕೆ 1-4-2001ರ ನ್ಯಾಯಯುತ ಮಾರುಕಟ್ಟೆ ಮೌಲ್ಯವನ್ನು ಅಸಲಾಗಿ ತೆಗೆದುಕೊಳ್ಳಲು ಅವಕಾಶವಿದೆ. ಅಂದಿನ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ಅದು 18 ಲಕ್ಷವಾದರೆ ಲಾಭ 1.17 ಕೋಟಿ, ಶೇ. 12.5ರಂತೆ ತೆರಿಗೆ 14.63 ಲಕ್ಷ. ಎರಡೂ ಸೇರಿ ಸುಮಾರು 19 ಲಕ್ಷ (ಸೆಸ್ ಮತ್ತು ಸರ್ಚಾರ್ಜ್ ಬಿಟ್ಟು). ಜಾಗ ಮತ್ತು ಕಟ್ಟಡಗಳನ್ನು ಬೇರ್ಪಡಿಸದೆ, ಪೂರ್ತಿ ಆಸ್ತಿಯೇ ಸವಕಳಿ ಪಡೆದ ಕಟ್ಟಡವೆಂದು ಅಧಿಕಾರಿಯು ಹಿಡಿದರೆ 1.494 ಕೋಟಿಯ ಮೇಲೆ ಶೇ. 30ರಂತೆ 44.82 ಲಕ್ಷ. ನಲವತ್ತು ವರ್ಷಗಳ ಹಿಂದೆ ಗುಮಾಸ್ತರೊಬ್ಬರು ಬರೆದ ಒಂದು ಸಾಲಿನ ಬೆಲೆ ಇಪ್ಪತ್ತೈದು ಲಕ್ಷ ರೂಪಾಯಿಗಳಿಗೂ ಅಧಿಕ. ಇಂತಹ ವಿವಾದಗಳಲ್ಲಿ ಜಾಗವನ್ನು ಬೇರೆಯಾಗಿಯೇ ನೋಡಬೇಕೆಂದು ವಾದಿಸಲು ಆಧಾರಗಳಿವೆ. ಆದರೂ ಮೂಲ ಕ್ರಯಪತ್ರ, ನೋಂದಾಯಿತ ಮೌಲ್ಯಮಾಪಕರ ವರದಿ, ಹೊಸ ಕ್ರಯಪತ್ರದಲ್ಲಿ ಎರಡಕ್ಕೂ ಪ್ರತ್ಯೇಕವಾಗಿ ನಮೂದಿಸಿದ ವಾಸ್ತವಿಕ ಬೆಲೆ ಇವಿಷ್ಟು ಮುಂಚೆಯೇ ಸಿದ್ಧವಾಗಿದ್ದರೆ ವಾದಕ್ಕೆ ಬಲ.

ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದೂ ಈಗ ಮುಖ್ಯವಾಗಿದೆ. 23-7-2024ರಿಂದ ದೀರ್ಘಾವಧಿ ಲಾಭಕ್ಕೆ ಹಣದುಬ್ಬರ ಸೂಚ್ಯಂಕದ ಸೌಲಭ್ಯ ತೆಗೆದುಹಾಕಿ ದರವನ್ನು ಶೇ. 12.5ಕ್ಕೆ ಇಳಿಸಲಾಯಿತು. ಆ ದಿನಾಂಕಕ್ಕೆ ಮೊದಲು ಪಡೆದ ಜಾಗ, ಕಟ್ಟಡಗಳ ಬಗ್ಗೆ ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಮಾತ್ರ ಹಳೆಯ ರೀತಿಯ ಶೇ. 20ರ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದ ತೆರಿಗೆಯನ್ನು ಕೊಡಬಹುದು. ಮೇಲಿನ ಜಾಗವೇ ಕುಟುಂಬದ್ದಾಗಿದ್ದಲ್ಲಿ, 2025–26ರ ಸೂಚ್ಯಂಕ 376ರಂತೆ ಅಸಲು 67.68 ಲಕ್ಷವಾಗಿ, ಲಾಭ 67.32 ಲಕ್ಷ, ತೆರಿಗೆ 13.46 ಲಕ್ಷ. ಸಂಸ್ಥೆಗೆ ಈ ಆಯ್ಕೆ ಇಲ್ಲ. ಹಾಗೆಂದು ಮಾರಾಟಕ್ಕೆ ಮುನ್ನ ಆಸ್ತಿಯನ್ನು ಸಂಸ್ಥೆಯಿಂದ ಪಾಲುದಾರರ ಹೆಸರಿಗೆ ವರ್ಗಾಯಿಸುವ ಆತುರ ಬೇಡ. ಆ ವರ್ಗಾವಣೆಗೇ ಪ್ರತ್ಯೇಕ ತೆರಿಗೆಯುಂಟು.

ಮುಂಗಡವನ್ನು ನಗದಾಗಿ ಪಡೆಯುವ ಹಳೆಯ ರೂಢಿಯನ್ನು ಬಿಡಲೇಬೇಕು. 1-6-2015ರಿಂದ ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಿಸಿದಂತೆ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ನಿಷಿದ್ಧ. ಸ್ವೀಕರಿಸಿದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಕೈಗಾರಿಕಾ ಉದ್ದೇಶಕ್ಕೆಂದು ಭೂಪರಿವರ್ತನೆಯಾದ ಜಾಗವನ್ನು ಕೊಳ್ಳುವವರು ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ಇರಾದೆಯುಳ್ಳವರಾದರೆ ಉದ್ದೇಶ ಬದಲಾವಣೆಯ ಅನುಮತಿ ಯಾರು ಪಡೆಯಬೇಕೆಂಬುದನ್ನು ಕರಾರಿನಲ್ಲಿಯೇ ಬರೆದುಕೊಳ್ಳತಕ್ಕದ್ದು.

ಬಾಡಿಗೆಗೆ ಕೊಡುವವರು ತಿಳಿದಿರಬೇಕಾದುದು

ಬಾಡಿಗೆ ಕಾನೂನಿನ ವಿಷಯದಲ್ಲಿ ನಮ್ಮ ಹಿರಿಯ ಸದಸ್ಯರಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಭಯ ಇನ್ನೂ ಉಳಿದಿದೆ. ಕೊಟ್ಟ ಮಳಿಗೆ ಮರಳಿ ಬಾರದೆಂದು ಹೆದರಿ ಬೀಗ ಹಾಕಿಟ್ಟ ಕಟ್ಟಡಗಳನ್ನು ಈ ಬೀದಿಯಲ್ಲಿಯೇ ಕಾಣಬಹುದು. ಆ ಕಾಯಿದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ 31-12-2001ರಿಂದ ಜಾರಿಗೆ ಬಂದಿತು. ಅದು ಅನ್ವಯವಾಗುವ ಪಟ್ಟಣಗಳಲ್ಲಿಯೂ 14 ಚದರ ಮೀಟರಿಗಿಂತ ಹೆಚ್ಚು ತಳವಿಸ್ತೀರ್ಣದ ವಾಣಿಜ್ಯ ಕಟ್ಟಡಗಳು ಅದರ ವ್ಯಾಪ್ತಿಯಿಂದ ಹೊರಗಿವೆ. 14 ಚದರ ಮೀಟರ್ ಎಂದರೆ ಸುಮಾರು 150 ಚದರಡಿ. ಆದ್ದರಿಂದ ಮಂಡಿಯನ್ನು ಸೀಳಿ 10×12 ಅಡಿಯ ಮಳಿಗೆಗಳನ್ನು ಮಾಡುವುದಕ್ಕೂ 12×15 ಅಡಿಯ ಮಳಿಗೆಗಳನ್ನು ಮಾಡುವುದಕ್ಕೂ ಕಾನೂನಿನ ದೃಷ್ಟಿಯಲ್ಲಿ ಅಂತರವಿದೆ. ಬಾಡಿಗೆಯ ಮೊತ್ತಕ್ಕೆ ಸಂಬಂಧಿಸಿದ ಮಿತಿಯೂ ಸೇರಿ ಬೇರೆ ಷರತ್ತುಗಳಿರುವುದರಿಂದ ಗೋಡೆ ಎಬ್ಬಿಸುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ.

ವ್ಯಾಪ್ತಿಯಿಂದ ಹೊರಗಿರುವ ಕಟ್ಟಡಗಳಿಗೆ ಆಸ್ತಿ ವರ್ಗಾವಣೆ ಕಾಯಿದೆ ಅನ್ವಯಿಸುತ್ತದೆ. ಲಿಖಿತ ಕರಾರು ಇಲ್ಲದಿದ್ದರೆ ಅಂಗಡಿಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ನಡೆಯುವುದೆಂದು ಪರಿಗಣಿತವಾಗಿ, ತೆರವಿಗೆ 15 ದಿನಗಳ ನೋಟಿಸು ಸಾಕು. ತಯಾರಿಕೆಯ ಉದ್ದೇಶಕ್ಕೆ ಕೊಟ್ಟದ್ದಾದರೆ ವರ್ಷದಿಂದ ವರ್ಷಕ್ಕೆಂದು ಪರಿಗಣಿತವಾಗಿ, ಆರು ತಿಂಗಳ ನೋಟಿಸು ಬೇಕಾಗುತ್ತದೆ. ಹಳೆಯ ಗಿರಣಿಯ ಮೂಲೆಯನ್ನು ಹಪ್ಪಳದ ಘಟಕಕ್ಕೋ ಇಂಟರ್‌ಲಾಕ್ ಇಟ್ಟಿಗೆಯ ಘಟಕಕ್ಕೋ ಕೊಡುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರನ್ನೇ ಇಪ್ಪತ್ತು ವರ್ಷ ನವೀಕರಿಸದೆ ಎಳೆಯುವುದು ನಮ್ಮಲ್ಲಿ ಸಾಮಾನ್ಯ. ನೋಂದಣಿಯ ಶುಲ್ಕ ಉಳಿಯಿತೆಂಬ ಸಮಾಧಾನಕ್ಕಿಂತ ಅದರಿಂದ ಬರುವ ತಲೆನೋವು ದೊಡ್ಡದು.

ತೆರಿಗೆಯ ವಿಚಾರದಲ್ಲಿ ಏನನ್ನು ಬಾಡಿಗೆಗೆ ಕೊಡಲಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬರಿಯ ಕಟ್ಟಡವನ್ನು ಕೊಟ್ಟರೆ ಅದು ಗೃಹ ಆಸ್ತಿಯ ಆದಾಯ. ಪುರಸಭೆಯ ತೆರಿಗೆ ಕಳೆದು ಉಳಿದುದರಲ್ಲಿ ಶೇ. 30 ರಿಯಾಯಿತಿ ಸಿಗುತ್ತದೆ, ಸವಕಳಿ ಸಿಗದು. ಯಂತ್ರಗಳ ಸಮೇತ ಗಿರಣಿಯನ್ನು ಬೇರ್ಪಡಿಸಲಾಗದ ಒಂದೇ ಗುತ್ತಿಗೆಯಲ್ಲಿ ಕೊಟ್ಟರೆ, ಅದು ವ್ಯಾಪಾರದ ಆದಾಯವಲ್ಲದ ಪಕ್ಷದಲ್ಲಿ ಇತರ ಮೂಲಗಳ ಆದಾಯವಾಗುತ್ತದೆ. ಅಲ್ಲಿ ಸವಕಳಿ, ದುರಸ್ತಿ, ವಿಮೆಗಳನ್ನು ಕಳೆಯಬಹುದು, ಶೇ. 30ರ ರಿಯಾಯಿತಿ ಇಲ್ಲ. ಯಂತ್ರಗಳು ಹಳೆಯದಾಗಿ ಸವಕಳಿ ಬಹುತೇಕ ಮುಗಿದಿದ್ದರೆ, ಅವನ್ನು ಮಾರಿ ಕಟ್ಟಡವನ್ನಷ್ಟೇ ಕೊಡುವುದು ಲಾಭಕರವಾಗಬಹುದು.

ವಾಣಿಜ್ಯ ಬಾಡಿಗೆಗೆ ಜಿ.ಎಸ್.ಟಿ. ಶೇ. 18. ಮಾಲೀಕನ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದರೆ ನೋಂದಣಿ ಅಗತ್ಯ. ಇಲ್ಲಿ ವಹಿವಾಟೆಂದರೆ ಬಾಡಿಗೆಯಷ್ಟೇ ಅಲ್ಲ, ಅದೇ ಪ್ಯಾನ್ ಸಂಖ್ಯೆಯಲ್ಲಿ ನಡೆಯುವ ವ್ಯಾಪಾರವೂ ಸೇರುತ್ತದೆ. ನೋಂದಣಿ ಪಡೆದ ವರ್ತಕನು ತನ್ನ ಮಳಿಗೆಯ ಬಾಡಿಗೆ ಚಿಕ್ಕದೆಂದು ತೆರಿಗೆ ವಿಧಿಸದೆ ಬಿಡುವುದು ತಪ್ಪು. ಮಾಲೀಕನು ನೋಂದಣಿ ಇಲ್ಲದವನಾಗಿ ಬಾಡಿಗೆದಾರನು ನೋಂದಾಯಿತನಾಗಿದ್ದರೆ, 10-10-2024ರಿಂದ ಆ ತೆರಿಗೆಯನ್ನು ಬಾಡಿಗೆದಾರನೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರನ್ನು ಬಳಿಕ ಇದರಿಂದ ಹೊರಗಿಡಲಾಯಿತು. ಆದಾಯ ತೆರಿಗೆ ಕಡಿತಕ್ಕೆ ಬಾಡಿಗೆಯ ಮಿತಿಯು 1-4-2025ರಿಂದ ತಿಂಗಳಿಗೆ 50,000 ರೂ. ಆಗಿರುವುದರಿಂದ ಸಣ್ಣ ಮಳಿಗೆಗಳ ಬಾಡಿಗೆದಾರರಿಗೆ ಆ ಗೊಡವೆ ಬಹುಮಟ್ಟಿಗೆ ತಪ್ಪಿದೆ.

ಬೈಪಾಸಿನ ಅನಿಶ್ಚಿತತೆ ಇರುವಾಗ ಬಾಡಿಗೆದಾರರು ದೀರ್ಘ ಅವಧಿಗೆ ಒಪ್ಪಲು ಹಿಂಜರಿಯುವುದು ಸಹಜ. ಬಾಡಿಗೆಯನ್ನು ಎರಡು ಭಾಗ ಮಾಡಿ, ಒಂದನ್ನು ನಿಶ್ಚಿತ ಮೊತ್ತವಾಗಿಯೂ ಇನ್ನೊಂದನ್ನು ಮಾರಾಟದ ಶೇಕಡಾವಾರಾಗಿಯೂ ಇರಿಸುವ ಪದ್ಧತಿ ದೊಡ್ಡ ನಗರಗಳ ಮಾಲ್‌ಗಳಲ್ಲಿ ಬಳಕೆಯಲ್ಲಿದೆ. ಬಿಲ್ಲು ಸರಿಯಾಗಿ ಹಾಕುವ ಜವಳಿ ಅಥವಾ ಔಷಧ ವ್ಯಾಪಾರಕ್ಕೆ ಇದನ್ನು ನಮ್ಮಲ್ಲಿಯೂ ಪ್ರಯತ್ನಿಸಬಹುದು. ಬಿಲ್ಲೇ ಹಾಕದ ವ್ಯಾಪಾರಕ್ಕೆ ಇದು ಒಗ್ಗದು. ಅಲ್ಲಿ ಮೂರು ವರ್ಷಕ್ಕೊಮ್ಮೆ ಬಾಡಿಗೆಯನ್ನು ಪರಿಷ್ಕರಿಸುವ, ಏರಿಕೆಗೂ ಇಳಿಕೆಗೂ ಅವಕಾಶವಿರುವ ನೋಂದಾಯಿತ ಕರಾರು ಮಾಡಿಕೊಂಡರೆ ಸಾಕು.